ಸ್ಮಾರ್ಟ್‌ಫೋನು: ಸ್ಪರ್ಧೆಯೂ ನವನಿರ್ಮಿತಿಯೂ

ಸ್ಪರ್ಧೆ ಎಂಬ ಶಬ್ದವು ಯಾವ ಧಾತುವಿನಿಂದ ಹುಟ್ಟಿತೋ ಆ ಧಾತುವಿಗೆ ಸಂಸ್ಕೃತ ವೈಯಾಕರಣರು ಸಂಘರ್ಷವೆಂಬ ಅರ್ಥವನ್ನು ಹೇಳಿದ್ದಾರೆ. ಸಂಘರ್ಷವೆಂದರೆ ಇಂದು ನಾವು ಪತ್ರಿಕೆಗಳಲ್ಲಿ ಓದುವ ಹೊಡೆದಾಟವಲ್ಲ. ಒಂದು ವಸ್ತುವು ಇನ್ನೊಂದರೊಡನೆ ಉಜ್ಜುವುದು, ತಿಕ್ಕುವುದು ಎಂಬುದೇ ಅದರ ಮೂಲಾರ್ಥ. ಅರಣಿಯ ಕಟ್ಟಿಗೆಯೊಂದನ್ನು ಎಷ್ಟು ಹೊತ್ತು ಗಾಳಿಯಲ್ಲಿ ತಿರುಗಿಸಿದರೂ ಬೆಂಕಿ ಹುಟ್ಟದು. ಇನ್ನೊಂದು ಕಟ್ಟಿಗೆಯ ಮೇಲೆ ಒತ್ತಿ ಕಡೆದಾಗಲೇ ಕಿಡಿ ಕಾಣುವುದು. ಈ ಮಾತಿಗೆ ನಮ್ಮ ಕಾಲವು ಒದಗಿಸಿರುವ ಒಳ್ಳೆಯ ನಿದರ್ಶನವೊಂದು ಈ ಸಂಚಿಕೆಯ ವಾಚಕರಲ್ಲಿ ಬಹುತೇಕ ಎಲ್ಲರ ಕಿಸೆಯಲ್ಲಿಯೇ ಇದೆ. ಅದು ಸ್ಮಾರ್ಟ್‌ಫೋನು.

ಈ ಯಂತ್ರವನ್ನು ತಯಾರಿಸುವ ಕಂಪನಿಗಳು ಅನೇಕ. ಆದರೆ ಯಂತ್ರದೊಳಗೆ ಕುಳಿತು ಅದನ್ನು ಆಳುವ ತಂತ್ರಾಂಶಗಳು, ಅಂದರೆ ಆಪರೇಟಿಂಗ್ ಸಿಸ್ಟಂಗಳು, ಇಂದು ಮುಖ್ಯವಾಗಿ ಎರಡೇ. ಒಂದು ಗೂಗಲ್ ಸಂಸ್ಥೆಯ ಆಂಡ್ರಾಯ್ಡ್. ಇನ್ನೊಂದು ಆಪಲ್ ಸಂಸ್ಥೆಯ ಐಒಎಸ್. ಇತರರು ಬರೆದ ಸಾವಿರಾರು ಆಪ್‌ಗಳು ಇವುಗಳನ್ನು ಆಶ್ರಯಿಸಿ ನಿಲ್ಲುವುದರಿಂದ ಇವನ್ನು ವೇದಿಕೆಗಳೆಂದು ಕರೆಯುವ ರೂಢಿ ಬಂದಿದೆ. ಪ್ರಪಂಚದ ಸ್ಮಾರ್ಟ್‌ಫೋನುಗಳಲ್ಲಿ ಹತ್ತಕ್ಕೆ ಸುಮಾರು ಏಳು ಆಂಡ್ರಾಯ್ಡಿನವು. ಉಳಿದವು ಬಹುಮಟ್ಟಿಗೆ ಆಪಲ್‌ನವು. ಭಾರತದಲ್ಲಿ ಆಂಡ್ರಾಯ್ಡಿನ ಪಾಲು ಹತ್ತಕ್ಕೆ ಒಂಬತ್ತನ್ನೂ ಮೀರಿದೆ. ಈ ಉಭಯ ಪಕ್ಷಗಳ ಪೈಪೋಟಿಯಿಂದ ಏನು ಹುಟ್ಟಿತು, ಯಾವುದು ಹುಟ್ಟದೆ ಉಳಿಯಿತು, ಏಕೆ ಉಳಿಯಿತು ಎಂಬುದೇ ಪ್ರಸ್ತುತ ಲೇಖನದ ವಿಷಯ.

೨೦೦೭ಕ್ಕೆ ಮುಂಚೆ ಈ ರಂಗದಲ್ಲಿ ದೊರೆಗಳಾಗಿದ್ದವರು ಬೇರೆಯವರು. ಫಿನ್‌ಲೆಂಡಿನ ನೋಕಿಯಾ ಸಂಸ್ಥೆಯ ಸಿಂಬಿಯನ್ ವೇದಿಕೆಯದು ಸಿಂಹಪಾಲು. ಕೆನಡಾದ ಬ್ಲ್ಯಾಕ್‌ಬೆರಿ, ಬೆರಳೊತ್ತುವ ಪುಟ್ಟ ಗುಂಡಿಗಳ ಕೀಲಿಮಣೆಯಿಂದ ದೊಡ್ಡ ಅಧಿಕಾರಿಗಳ ಕೈಯಲ್ಲಿ ವಿರಾಜಿಸುತ್ತಿತ್ತು. ಹೀಗಿರಲು ಆ ವರ್ಷದ ಜನವರಿ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಸ್ಟೀವ್ ಜಾಬ್ಸ್ ಅವರು ಐಫೋನನ್ನು ಲೋಕಕ್ಕೆ ತೋರಿಸಿದರು. ಗುಂಡಿಗಳ ಸಾಲೇ ಇಲ್ಲ. ಮೂರೂವರೆ ಅಂಗುಲದ ಗಾಜಿನ ಪರದೆಯೇ ಸಕಲವೂ. ಎರಡು ಬೆರಳುಗಳನ್ನು ಅಗಲಿಸಿದರೆ ಚಿತ್ರ ಹಿಗ್ಗುತ್ತದೆ, ಕೂಡಿಸಿದರೆ ಕುಗ್ಗುತ್ತದೆ. ಜನ ಬೆರಗಾದುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಆ ಪ್ರಥಮ ಐಫೋನಿನಲ್ಲಿ ಏನೇನು ಇರಲಿಲ್ಲವೆಂಬುದನ್ನು ಇಂದು ನೆನೆದರೆ ನಗು ಬರುತ್ತದೆ. ಒಂದು ಕಡೆಯ ಬರಹವನ್ನು ನಕಲು ಮಾಡಿ ಇನ್ನೊಂದು ಕಡೆ ಅಂಟಿಸುವ ಸೌಲಭ್ಯವಿರಲಿಲ್ಲ. ಚಲನಚಿತ್ರ ತೆಗೆಯುವಂತಿರಲಿಲ್ಲ. ಹೊರಗಿನವರು ಬರೆದ ಆಪ್‌ಗಳಿಗೆ ಪ್ರವೇಶವಿರಲಿಲ್ಲ. ಇಂಥ ಅಪೂರ್ಣ ವಸ್ತುವು ಇಂದಿನ ರೂಪಕ್ಕೆ ಬಂದುದು ಅದರ ಜನಕರ ಪ್ರತಿಭೆ ಒಂದರಿಂದಲೇ ಅಲ್ಲ.

ಆಂಡ್ರಾಯ್ಡಿನ ಜನ್ಮವೂ ಐಫೋನಿಗಿಂತ ಈಚಿನದೇನೂ ಅಲ್ಲ. ೨೦೦೩ರಲ್ಲಿ ಆಂಡಿ ರೂಬಿನ್ ಮತ್ತು ಅವರ ಸಂಗಡಿಗರು ಅಮೆರಿಕದಲ್ಲಿ ಸ್ಥಾಪಿಸಿದ ಸಣ್ಣ ಕಂಪನಿಯನ್ನು ಗೂಗಲ್ ೨೦೦೫ರಲ್ಲಿ ಕೊಂಡಿತು. ಅವರು ಮೊದಲು ರೂಪಿಸಿದ ಮಾದರಿ ಬ್ಲ್ಯಾಕ್‌ಬೆರಿಯನ್ನು ಹೋಲುತ್ತಿತ್ತು. ಮೇಲೆ ಸಣ್ಣ ಪರದೆ, ಕೆಳಗೆ ಗುಂಡಿಗಳು. ಐಫೋನಿನ ದರ್ಶನವಾದ ಮೇಲೆ ಆ ಮಾದರಿಯನ್ನು ಬದಿಗಿಟ್ಟು ಸ್ಪರ್ಶಪರದೆಯ ದಾರಿಯನ್ನು ಹಿಡಿದರು. ೨೦೦೭ರ ನವೆಂಬರ್ ೫ರಂದು ಮೂವತ್ತನಾಲ್ಕು ಕಂಪನಿಗಳ ಒಕ್ಕೂಟವನ್ನು ಪ್ರಕಟಿಸಿ, ಆಂಡ್ರಾಯ್ಡನ್ನು ಯಾವ ತಯಾರಕರು ಬೇಕಾದರೂ ಬೆಲೆಯಿಲ್ಲದೆ ಬಳಸಬಹುದೆಂದು ಸಾರಿದರು. ಇದನ್ನು ನಮ್ಮ ಮಠಗಳ ದಾಸೋಹದಂತೆ ಭಾವಿಸಿ ಯಾರೂ ಪುಳಕಗೊಳ್ಳಬೇಕಾಗಿಲ್ಲ. ದಾಸೋಹದಲ್ಲಿ ಉಂಡವನ ಹೆಸರನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಗೂಗಲ್ ಸಂಸ್ಥೆಯ ಆದಾಯವೋ ಜನರು ಏನನ್ನು ಹುಡುಕುತ್ತಾರೆಂಬುದನ್ನು ಬಲ್ಲ ಜಾಹೀರಾತಿನಿಂದ ಬರುವಂಥದು. ಎಲ್ಲರ ಕೈಯಲ್ಲಿಯೂ ದೂರವಾಣಿಯಿದ್ದರೆ ಹುಡುಕುವವರು ಹೆಚ್ಚುತ್ತಾರೆ. ಆ ಲೆಕ್ಕಾಚಾರವೇ ಆ ಔದಾರ್ಯದ ಮೂಲ. ಅದರಿಂದ ಲೋಕಕ್ಕೆ ಉಪಕಾರವಾಯಿತೆಂಬುದು ಬೇರೆ ಮಾತು.

ಇನ್ನೊಂದು ಸ್ವಾರಸ್ಯ. ಗೂಗಲ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಅವರು ೨೦೦೬ರಿಂದ ಆಪಲ್ ಸಂಸ್ಥೆಯ ನಿರ್ದೇಶಕ ಮಂಡಲಿಯ ಸದಸ್ಯರೂ ಆಗಿದ್ದರು. ಮೊದಲ ಐಫೋನಿನಲ್ಲಿದ್ದ ನಕಾಶೆ ಗೂಗಲ್‌ನದೇ. ಹೀಗೆ ಒಂದೇ ಪಂಕ್ತಿಯಲ್ಲಿ ಕುಳಿತಿದ್ದವರು ಎದುರುಬದುರಾದರು. ಶ್ಮಿಟ್ ಅವರು ೨೦೦೯ರ ಆಗಸ್ಟಿನಲ್ಲಿ ಆ ಮಂಡಲಿಯನ್ನು ಬಿಟ್ಟರು. ಅಲ್ಲಿಂದ ಮುಂದಕ್ಕೆ ತಿಕ್ಕಾಟ ಬಲವಾಯಿತು, ಕಿಡಿಗಳೂ ಕಂಡವು.

೨೦೦೮ರ ಜುಲೈ ತಿಂಗಳಲ್ಲಿ ಆಪಲ್ ಐನೂರು ಆಪ್‌ಗಳೊಡನೆ ತನ್ನ ಆಪ್ ಅಂಗಡಿಯನ್ನು ತೆರೆಯಿತು. ಅದೇ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಮೊದಲ ದೂರವಾಣಿಯೂ ಅದರ ಆಪ್ ಪೇಟೆಯೂ ಬಂದವು. ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಗೆ ಎಳೆದರೆ ಬಂದ ಸೂಚನೆಗಳೆಲ್ಲ ಒಂದೇ ಕಡೆ ಕಾಣುವ ವ್ಯವಸ್ಥೆ ಆಂಡ್ರಾಯ್ಡಿನಲ್ಲಿ ಆಗಲೇ ಇತ್ತು; ಆಪಲ್ ಅದನ್ನು ೨೦೧೧ರಲ್ಲಿ ಅಳವಡಿಸಿಕೊಂಡಿತು. ನಕಲು ಮಾಡಿ ಅಂಟಿಸುವ ಸೌಲಭ್ಯ ಐಫೋನಿಗೆ ೨೦೦೯ರಲ್ಲಿ ಬಂದಿತು. ಅತ್ತ ಆಂಡ್ರಾಯ್ಡಿನ ಮೊದಲ ದೂರವಾಣಿಯಲ್ಲಿ ಪರದೆಯ ಮೇಲೆ ಮೂಡುವ ಕೀಲಿಮಣೆಯೇ ಇರಲಿಲ್ಲ. ಅದು ೨೦೦೯ರ ಏಪ್ರಿಲ್‌ನ ೧.೫ನೆಯ ಆವೃತ್ತಿಯಲ್ಲಿ ಬಂದಿತು. ಒಂದು ಆಪ್ ನಮ್ಮ ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಮುಟ್ಟುವ ಮೊದಲು ಅಪ್ಪಣೆ ಕೇಳಬೇಕೆಂಬ ನಿಯಮವನ್ನು ಆಪಲ್ ೨೦೧೨ರಲ್ಲಿ ತಂದಿತು. ಆಂಡ್ರಾಯ್ಡಿನಲ್ಲಿ ಅಲ್ಲಿಯವರೆಗೂ ಎಲ್ಲ ಅನುಮತಿಗಳನ್ನೂ ಮೊದಲೇ ಇಡಿಯಾಗಿ ಕೊಡಬೇಕಾಗಿತ್ತು. ಸಮಯ ಬಂದಾಗ ಒಂದೊಂದಾಗಿ ಕೇಳುವ ಕ್ರಮ ೨೦೧೫ರಲ್ಲಿ ಬಂದಿತು. ಯಾರು ಯಾರಿಂದ ಕಲಿತರೆಂದು ಎರಡೂ ಪಕ್ಷದ ಅಭಿಮಾನಿಗಳು ವಾದಿಸುತ್ತಲೇ ಇರುತ್ತಾರೆ. ವ್ಯಾಕರಣ ಪಾಠ ಹೇಳುವ ನನ್ನಂಥವನಿಗೆ ಈ ವಾದ ಹೊಸದೇನಲ್ಲ. ಪೂರ್ವಪಕ್ಷವಿಲ್ಲದೆ ಸಿದ್ಧಾಂತ ಗಟ್ಟಿಯಾದ ಶಾಸ್ತ್ರ ಯಾವುದಿದೆ?

ಈ ಕೊಡುಕೊಳ್ಳುವಿಕೆಗಳಲ್ಲಿ ನಕಾಶೆಯ ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೊದಲು ದಾರಿ ತೋರಿಸುವ ಯಂತ್ರಗಳನ್ನು ಬೇರೆಯಾಗಿ ಕೊಂಡು ಕಾರಿನಲ್ಲಿ ಇಟ್ಟುಕೊಳ್ಳಬೇಕಾಗಿತ್ತು. ಅವನ್ನು ಮಾರುತ್ತಿದ್ದ ನೆದರ್ಲೆಂಡ್ಸಿನ ಟಾಮ್‌ಟಾಮ್ ಸಂಸ್ಥೆ ೨೦೦೯ರ ಆಗಸ್ಟಿನಲ್ಲಿ ಐಫೋನಿಗೂ ಒಂದು ಆಪ್ ಹೊರತಂದಿತು. ಅಮೆರಿಕದಲ್ಲಿ ಅದರ ಬೆಲೆ ಸುಮಾರು ನೂರು ಡಾಲರು. ಎರಡೇ ತಿಂಗಳು ಕಳೆದು, ಅಕ್ಟೋಬರ್ ೨೮ರಂದು, ಗೂಗಲ್ ಅದೇ ಸೌಲಭ್ಯವನ್ನು ಆಂಡ್ರಾಯ್ಡಿನಲ್ಲಿ ಪುಕ್ಕಟೆಯಾಗಿ ಕೊಡುವುದಾಗಿ ಘೋಷಿಸಿತು. ಮುಂದಿನ ತಿರುವಿನಲ್ಲಿ ಎಡಕ್ಕೆ ಹೊರಳಿ ಎಂದು ದೂರವಾಣಿಯೇ ಬಾಯಿಬಿಟ್ಟು ಹೇಳತೊಡಗಿತು. ಟಾಮ್‌ಟಾಮ್, ಗಾರ್ಮಿನ್ ಮುಂತಾದ ಕಂಪನಿಗಳ ಷೇರುಗಳ ಬೆಲೆ ಅಂದೇ ಕುಸಿಯಿತು.

ಐಫೋನಿನಲ್ಲಿದ್ದ ಗೂಗಲ್ ನಕಾಶೆಗೆ ಮಾತ್ರ ಆ ಮಾತು ಬರಲಿಲ್ಲ. ಎದುರಾಳಿಯ ಕೈಯಲ್ಲಿ ತನ್ನ ದಾರಿದೀಪವಿರುವುದು ಆಪಲ್‌ಗೆ ಸಹ್ಯವಾಗಲಿಲ್ಲ. ಅದು ೨೦೧೨ರ ಸೆಪ್ಟೆಂಬರಿನಲ್ಲಿ ಗೂಗಲ್ ನಕಾಶೆಯನ್ನು ತೆಗೆದುಹಾಕಿ ತನ್ನದೇ ನಕಾಶೆಯನ್ನು ಇರಿಸಿತು. ಅವಸರದ ಅಡುಗೆ, ಎಷ್ಟೋ ಊರುಗಳು ಸ್ಥಾನಪಲ್ಲಟವಾಗಿದ್ದವು, ಸೇತುವೆಗಳು ಡೊಂಕಾಗಿ ಕಾಣುತ್ತಿದ್ದವು. ಆ ತಿಂಗಳ ೨೮ರಂದು ಆಪಲ್‌ನ ಮುಖ್ಯಸ್ಥ ಟಿಮ್ ಕುಕ್ ಅವರು ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದುದಲ್ಲದೆ, ತಮ್ಮ ನಕಾಶೆ ಸುಧಾರಿಸುವ ತನಕ ಬೇರೆಯವರ ನಕಾಶೆಗಳನ್ನು ಬಳಸಬಹುದೆಂದು ಗೂಗಲ್‌ನ ಹೆಸರನ್ನೂ ಸೇರಿಸಿ ಸೂಚಿಸಿದರು. ಅಂಗಡಿಯವನು ತನ್ನ ಗಿರಾಕಿಗೆ ಎದುರಂಗಡಿಯ ಬಾಗಿಲನ್ನು ತೋರಿಸಿದಂತೆ! ಡಿಸೆಂಬರಿನಲ್ಲಿ ಗೂಗಲ್ ನಕಾಶೆ ಐಫೋನಿಗೆ ಸ್ವತಂತ್ರ ಆಪ್ ಆಗಿ ಮರಳಿತು. ಈ ಸಲ ಮಾತನಾಡುವ ಶಕ್ತಿಯೊಡನೆ. ಆಪಲ್ ವರ್ಷಗಟ್ಟಲೆ ದುಡಿದು ತನ್ನ ನಕಾಶೆಯನ್ನು ಉತ್ತಮಗೊಳಿಸಿತು. ಗಾಡಿ ಓಡಿಸುವವನಿಗೆ ಕಡೆಗೆ ದಕ್ಕಿದ್ದು ಎರಡು ಒಳ್ಳೆಯ ನಕಾಶೆಗಳು, ಎರಡಕ್ಕೂ ಹಣವಿಲ್ಲ.

ಸೋತವರ ಕಥೆಯನ್ನು ಬೇಗ ಮುಗಿಸುತ್ತೇನೆ. ನೋಕಿಯಾ ೨೦೧೧ರಲ್ಲಿ ತನ್ನ ಸಿಂಬಿಯನ್ನನ್ನು ಕೈಬಿಟ್ಟು ಮೈಕ್ರೋಸಾಫ್ಟಿನ ವೇದಿಕೆಯನ್ನು ಹಿಡಿಯಿತು. ೨೦೧೪ರಲ್ಲಿ ಅದರ ದೂರವಾಣಿ ವ್ಯವಹಾರವೇ ಮೈಕ್ರೋಸಾಫ್ಟಿಗೆ ಮಾರಾಟವಾಯಿತು. ಆ ವೇದಿಕೆಯೂ ೨೦೨೦ರ ಜನವರಿಯ ಹೊತ್ತಿಗೆ ಕಣ್ಮುಚ್ಚಿತು. ಬ್ಲ್ಯಾಕ್‌ಬೆರಿಯ ಹಳೆಯ ವೇದಿಕೆಯ ಸೇವೆಗಳು ೨೦೨೨ರ ಜನವರಿ ೪ರಂದು ನಿಂತವು. ಇವರಲ್ಲಿ ಜಾಣರಿರಲಿಲ್ಲವೆಂದಲ್ಲ. ಕೊಳ್ಳುವವರು ಕಡಮೆಯಿರುವ ಸಂತೆಗೆ ಮಾರುವವರು ಬಾರರು. ಮಾರುವವರು ಬಾರದ ಸಂತೆಗೆ ಕೊಳ್ಳುವವರೂ ಹೋಗರು. ಆಪ್ ಬರೆಯುವವರು ಎರಡು ವೇದಿಕೆಗಳಿಗೆ ಬರೆಯುವಷ್ಟರಲ್ಲಿಯೇ ದಣಿದಿದ್ದರು. ಮೂರನೆಯದಕ್ಕೆ ಕೈ ಎತ್ತಲಿಲ್ಲ. ಆದರೂ ಸೋತವರ ವಿದ್ಯೆ ವ್ಯರ್ಥವಾಗಲಿಲ್ಲ. ಪಾಮ್ ಎಂಬ ಕಂಪನಿಯ ವೆಬ್‌ಒಎಸ್ ೨೦೦೯ರಲ್ಲಿ ಬಂದು ಎರಡೇ ವರ್ಷಗಳಲ್ಲಿ ದೂರವಾಣಿ ಪೇಟೆಯಿಂದ ಮರೆಯಾಯಿತು. ತೆರೆದ ಆಪ್‌ಗಳನ್ನು ಇಸ್ಪೀಟಿನ ಎಲೆಗಳಂತೆ ಸಾಲಾಗಿಟ್ಟು, ಬೇಡವಾದುದನ್ನು ಬೆರಳಿನಿಂದ ಮೇಲಕ್ಕೆ ಚಿಮ್ಮಿ ಎಸೆಯುವ ಅದರ ಕ್ರಮವು ತರುವಾಯ ಐಫೋನಿನಲ್ಲಿಯೂ ಆಂಡ್ರಾಯ್ಡಿನಲ್ಲಿಯೂ ಕಾಣಿಸಿಕೊಂಡಿತು. ಅದರ ವಿನ್ಯಾಸಕಾರರಾಗಿದ್ದ ಮತಿಯಾಸ್ ದುವಾರ್ಟೆ ಅವರು ೨೦೧೦ರಲ್ಲಿಯೇ ಗೂಗಲ್ ಸೇರಿದ್ದರು. ಪಾಮ್ ದೂರವಾಣಿಯನ್ನು ಕಣ್ಣಿನಿಂದಲೂ ಕಾಣದ ನಮ್ಮ ವಿದ್ಯಾರ್ಥಿಗಳು ಇಂದು ಆ ಎಲೆಗಳನ್ನು ದಿನಕ್ಕೆ ನೂರು ಸಲ ಚಿಮ್ಮುತ್ತಿದ್ದಾರೆ.

ಇನ್ನು ನಮಗೆ ಹತ್ತಿರವಾದ ಮಾತು. ಈ ಪೈಪೋಟಿಯಲ್ಲಿ ಕನ್ನಡಕ್ಕೆ ಏನಾಯಿತು?

ಕನ್ನಡ ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದು ಇಂಗ್ಲಿಷಿನಷ್ಟು ಸರಳವಲ್ಲ. ‘ಧರ್ಮ’ ಎಂಬ ಪದವನ್ನು ತೆಗೆದುಕೊಳ್ಳಿ. ಯಂತ್ರದ ನೆನಪಿನಲ್ಲಿ ಅದು ಧಕಾರ, ರಕಾರ, ವಿರಾಮಚಿಹ್ನೆ, ಮಕಾರ ಎಂದು ಉಚ್ಚಾರಣೆಯ ಕ್ರಮದಲ್ಲಿ ಇರುತ್ತದೆ. ಓದುಗನ ಕಣ್ಣಿಗೆ ಮಾತ್ರ ರೇಫವು ಅರ್ಕಾವತ್ತಾಗಿ ಮಕಾರದ ಆಚೆ ಕಾಣಬೇಕು. ‘ಭಕ್ತಿ’ಯಲ್ಲಿ ತಕಾರವು ಕಕಾರದ ಕೆಳಗಿಳಿಯಬೇಕು, ಗುಡಿಸು ಮಾತ್ರ ಮೇಲಿನ ಕಕಾರವನ್ನು ಸೇರಬೇಕು. ಈ ಕೂಡಿಕೆಯ ನಿಯಮಗಳನ್ನು ಅಕ್ಷರವಿನ್ಯಾಸದಲ್ಲಿ ಬರೆದಿರಬೇಕು. ಆ ನಿಯಮಗಳನ್ನು ಓದಿ ನಡೆಸುವ ತಂತ್ರಾಂಶ ವೇದಿಕೆಯಲ್ಲಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ಅಕ್ಷರಗಳು ಚೆದುರಿದ ಮಣಿಗಳಾಗುತ್ತವೆ. ಅಕ್ಷರವಿನ್ಯಾಸವೇ ಇಲ್ಲದಿದ್ದರೆ ಖಾಲಿ ಚೌಕಗಳ ಸಾಲು. ಮೊದಲ ಆಂಡ್ರಾಯ್ಡ್ ದೂರವಾಣಿಗಳಲ್ಲಿ ಕನ್ನಡವೆಂದರೆ ಈ ಚೌಕಗಳೇ. ಆಗ ಬಲ್ಲವರು ಒಂದು ಉಪಾಯ ಮಾಡುತ್ತಿದ್ದರು. ನಾರ್ವೆ ದೇಶದ ಒಪೆರಾ ಮಿನಿ ಎಂಬ ಬ್ರೌಸರಿನೊಳಗೆ ಒಂದು ಗುಪ್ತ ಆಯ್ಕೆಯಿತ್ತು. ಅದನ್ನು ಒತ್ತಿದರೆ ಆ ಕಂಪನಿಯ ಯಂತ್ರಗಳು ಕನ್ನಡ ಪುಟವನ್ನು ಅಕ್ಷರಗಳಾಗಿ ಕಳಿಸದೆ ಚಿತ್ರವಾಗಿ ಕಳಿಸುತ್ತಿದ್ದವು. ಕನ್ನಡಿಗನು ಕನ್ನಡವನ್ನು ಚಿತ್ರಪಟದಂತೆ ನೋಡಿ ಓದಿದ ಕಾಲವದು.

ಆಂಡ್ರಾಯ್ಡ್ ವೇದಿಕೆ ೨೦೧೨ರ ೪.೧ನೆಯ ಆವೃತ್ತಿಯಲ್ಲಿ ಕನ್ನಡ, ತೆಲುಗು, ಮಲಯಾಳಗಳಿಗೆ ಬೆಂಬಲ ಕೊಟ್ಟಿತು. ೨೦೧೪ರ ಐದನೆಯ ಆವೃತ್ತಿಯಲ್ಲಿ ದೂರವಾಣಿಯ ಆಯ್ಕೆಗಳು, ಸೂಚನೆಗಳೆಲ್ಲ ಕನ್ನಡದಲ್ಲಿ ದೊರೆತವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೂಗಲ್ ಆರೂವರೆ ಸಾವಿರ ರೂಪಾಯಿಗಳ ಆಸುಪಾಸಿನ ಆಂಡ್ರಾಯ್ಡ್ ಒನ್ ದೂರವಾಣಿಗಳನ್ನು ಎಲ್ಲಕ್ಕೂ ಮೊದಲು ಭಾರತದಲ್ಲಿಯೇ ಮಾರಾಟಕ್ಕೆ ತಂದುದು ಆಕಸ್ಮಿಕವಲ್ಲ. ಇಂಗ್ಲಿಷ್ ಬಲ್ಲ ಗಿರಾಕಿಗಳು ಮುಗಿಯುತ್ತ ಬಂದಿದ್ದರು. ಮುಂದಿನ ಗಿರಾಕಿ ದೇಶಭಾಷೆಯವನಾಗಿದ್ದನು.

ಐಫೋನಿನ ಸ್ಥಿತಿ ವಿಚಿತ್ರವಾಗಿತ್ತು. ಅದರಲ್ಲಿ ಕನ್ನಡವನ್ನು ತೋರಿಸುವ ಅಕ್ಷರವಿನ್ಯಾಸವಿತ್ತು, ಬರೆಯುವುದಕ್ಕೆ ಕೀಲಿಮಣೆಯಿರಲಿಲ್ಲ. ಆಂಡ್ರಾಯ್ಡ್ ೨೦೦೯ರಿಂದಲೇ ಹೊರಗಿನವರ ಕೀಲಿಮಣೆಗಳಿಗೆ ಬಾಗಿಲು ತೆರೆದಿದ್ದುದರಿಂದ ಕನ್ನಡದ ಉತ್ಸಾಹಿಗಳು ತಮ್ಮ ಕೀಲಿಮಣೆಯನ್ನು ತಾವೇ ರಚಿಸಿ ಹಂಚಿದರು, ಶ್ರೀ ಕೆ. ಪಿ. ರಾವ್ ಅವರು ಗಣಕಕ್ಕಾಗಿ ರೂಪಿಸಿದ್ದ ವಿನ್ಯಾಸ ಈ ಮಾರ್ಗದಿಂದ ಜೇಬಿಗೂ ಬಂದಿತು. ಆಪಲ್ ಈ ಬಾಗಿಲನ್ನು ತೆರೆದದ್ದು ೨೦೧೪ರಲ್ಲಿ. ತಾನೇ ಕನ್ನಡ ಕೀಲಿಮಣೆಯನ್ನು ಕೊಟ್ಟದ್ದು ೨೦೧೭ರಲ್ಲಿ. ಅದೇ ೨೦೧೭ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಐಫೋನಿನ ಜೋಡಣೆ ಆರಂಭವಾಯಿತು. ಕನ್ನಡ ನೆಲದಲ್ಲಿ ಜೋಡಿಸಲ್ಪಟ್ಟ ಯಂತ್ರದ ಆಯ್ಕೆಪಟ್ಟಿಗಳು ಕನ್ನಡದಲ್ಲಿ ಕಾಣಿಸಿಕೊಳ್ಳಲು ಅಲ್ಲಿಂದಲೂ ಎಂಟು ವರ್ಷ ಹಿಡಿಯಿತು. ೨೦೨೫ರಲ್ಲಿ ಐಒಎಸ್ ೧೮.೪ನೆಯ ಆವೃತ್ತಿಯೊಡನೆ ಹತ್ತು ಭಾಷೆಗಳ ಗುಂಪಿನಲ್ಲಿ ಕನ್ನಡವೂ ಸೇರಿತು. ಆಂಡ್ರಾಯ್ಡಿಗೂ ಇದಕ್ಕೂ ನಡುವಣ ಅಂತರ ಹನ್ನೊಂದು ವರ್ಷ. ನಕಾಶೆಯ ವಿಷಯದಲ್ಲಿ ಮೂರು ವರ್ಷವೂ ತಡೆಯಲಾರದವರು ಇಲ್ಲಿ ಹನ್ನೊಂದು ವರ್ಷ ಹೇಗೆ ತಡೆದರು? ನಕಾಶೆಯಿಲ್ಲದಿದ್ದರೆ ಗಿರಾಕಿ ಎದುರು ಪಕ್ಷಕ್ಕೆ ಹೋಗುವನೆಂಬ ಅಂಜಿಕೆಯಿತ್ತು. ಕನ್ನಡವಿಲ್ಲವೆಂದು ಐಫೋನನ್ನು ಬಿಟ್ಟವರನ್ನು ಅವರು ಕಾಣಲಿಲ್ಲ. ಸ್ಪರ್ಧೆಗೆ ಕಣ್ಣಿರುವುದು ಗಿರಾಕಿ ಕಾಲು ಕೀಳುವ ದಿಕ್ಕಿನಲ್ಲಿ ಮಾತ್ರ. ಇಷ್ಟನ್ನು ತಿಳಿದರೆ ಪೈಪೋಟಿಯಿಂದ ಎಲ್ಲ ಒಳಿತೂ ತಾನಾಗಿ ಬರುವುದೆಂಬ ಭ್ರಮೆಯೂ, ಅದರಿಂದ ಏನೂ ಬಾರದೆಂಬ ಅನಾದರವೂ ಬೇಕಾಗುವುದಿಲ್ಲ.

ಮತ್ತೊಂದು ಸಂಗತಿಯನ್ನು ಇಲ್ಲಿ ಮರೆಯಲಾಗದು. ಆಂಡ್ರಾಯ್ಡಿನಲ್ಲಿ ಬರೆದ ಕನ್ನಡವನ್ನು ಐಫೋನಿನಲ್ಲಿ ತಪ್ಪಿಲ್ಲದೆ ಓದಲು ಸಾಧ್ಯವಾಗಿರುವುದು ಸ್ಪರ್ಧೆಯ ಫಲವಲ್ಲ, ಒಪ್ಪಂದದ ಫಲ. ೧೯೯೧ರಲ್ಲಿ ಸ್ಥಾಪಿತವಾದ ಯೂನಿಕೋಡ್ ಒಕ್ಕೂಟದಲ್ಲಿ ಆಪಲ್, ಗೂಗಲ್, ಮೈಕ್ರೋಸಾಫ್ಟ್ ಮೂವರೂ ಸದಸ್ಯರು. ಯಾವ ಅಕ್ಷರಕ್ಕೆ ಯಾವ ಸಂಖ್ಯೆಯೆಂಬುದನ್ನು ಅಲ್ಲಿ ಕೂಡಿ ತೀರ್ಮಾನಿಸುತ್ತಾರೆ. ಒಬ್ಬೊಬ್ಬರು ಒಂದೊಂದು ಸಂಖ್ಯೆಯನ್ನು ಹಿಡಿದಿದ್ದರೆ ಒಂದೇ ಮನೆಯ ಅಣ್ಣನ ವಚನ ತಮ್ಮನ ದೂರವಾಣಿಯಲ್ಲಿ ಗೋಜಲಾಗುತ್ತಿತ್ತು. ಗಣಕಗಳ ಮೊದಲ ದಿನಗಳಲ್ಲಿ ಒಂದು ತಂತ್ರಾಂಶದ ಕನ್ನಡ ಇನ್ನೊಂದರಲ್ಲಿ ತೆರೆಯದೆ ಪಟ್ಟ ಪಾಡನ್ನು ನಮ್ಮ ಅಚ್ಚುಕೂಟದವರು ಬಲ್ಲರು.

ಆಟಗಾರರು ಇಬ್ಬರೇ ಉಳಿದಾಗ ಮತ್ತೊಂದು ಅಪಾಯವುಂಟು. ಹಗಲೆಲ್ಲ ಕಾದಾಡಿ ರಾತ್ರಿ ಒಂದಾಗುವುದು. ಐಫೋನಿನ ಬ್ರೌಸರಿನಲ್ಲಿ ತನ್ನ ಶೋಧಯಂತ್ರವೇ ಮೊದಲಿರಬೇಕೆಂದು ಗೂಗಲ್ ೨೦೨೨ರಲ್ಲಿ ಆಪಲ್‌ಗೆ ೨೦ ಶತಕೋಟಿ ಡಾಲರುಗಳನ್ನು ಕೊಟ್ಟುದು ಅಮೆರಿಕದ ನ್ಯಾಯಾಲಯದ ದಾಖಲೆಗಳಿಂದ ಹೊರಬಿದ್ದಿತು. ಶೋಧರಂಗದಲ್ಲಿ ಗೂಗಲ್ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಪಾಡಿಕೊಂಡಿತೆಂದು ಆ ನ್ಯಾಯಾಲಯ ೨೦೨೪ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಭಾರತದ ಸ್ಪರ್ಧಾ ಆಯೋಗವು ೨೦೨೨ರ ಅಕ್ಟೋಬರಿನಲ್ಲಿ ಆಂಡ್ರಾಯ್ಡಿನ ಕಟ್ಟಳೆಗಳಿಗಾಗಿ ಗೂಗಲ್‌ಗೆ ೧,೩೩೭.೭೬ ಕೋಟಿ ರೂಪಾಯಿಗಳ ದಂಡ ವಿಧಿಸಿತು. ಮರುವರ್ಷ ಮೇಲ್ಮನವಿ ನ್ಯಾಯಮಂಡಲಿ ಆಯೋಗದ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿದರೂ ದಂಡವನ್ನು ಎತ್ತಿಹಿಡಿಯಿತು. ಐಫೋನಿನ ಚಾರ್ಜರು ೨೦೨೩ರಲ್ಲಿ ಇತರ ದೂರವಾಣಿಗಳ ಚಾರ್ಜರಿನಂತೆ ಆದದ್ದು ಐರೋಪ್ಯ ಒಕ್ಕೂಟದ ಶಾಸನ ಬೆನ್ನಿಗೆ ನಿಂತ ಮೇಲೆ.

ಬಡ ವಿದ್ಯಾರ್ಥಿಗಳಿಗೆ ದೂರವಾಣಿಯನ್ನೋ ಟ್ಯಾಬ್ಲೆಟನ್ನೋ ಕೊಡಿಸುವ ದಾನಿಗಳಿಗೆ ಪ್ರಯೋಜನವಾಗುವ ಒಂದು ವಿಚಾರವನ್ನೂ ಹೇಳಬೇಕು. ಯಂತ್ರ ಕೆಡದಿದ್ದರೂ ಅದರ ತಂತ್ರಾಂಶಕ್ಕೆ ಭದ್ರತೆಯ ಪರಿಷ್ಕರಣೆ ನಿಂತರೆ ಬ್ಯಾಂಕಿನ ಆಪ್ ಮೊದಲಾದವು ಕ್ರಮೇಣ ಕೈಕೊಡುತ್ತವೆ. ಆಪಲ್ ತನ್ನ ಹಳೆಯ ಯಂತ್ರಗಳಿಗೆ ಬಹುಕಾಲ ಪರಿಷ್ಕರಣೆ ಕೊಡುತ್ತಿತ್ತು. ೨೦೧೩ರ ಐಫೋನಿಗೆ ೨೦೨೩ರ ಜನವರಿಯಲ್ಲಿಯೂ ಒಂದು ಪರಿಷ್ಕರಣೆ ಬಂದಿತು. ಆಂಡ್ರಾಯ್ಡ್ ಯಂತ್ರಗಳಿಗೆ ಎರಡು ವರ್ಷವೇ ದೊಡ್ಡದೆನ್ನುವ ಕಾಲವೊಂದಿತ್ತು. ಆಪಲ್‌ನ ಈ ಮೇಲುಗೈಯನ್ನು ಮುರಿಯಲು ಗೂಗಲ್ ೨೦೨೩ರ ಅಕ್ಟೋಬರಿನಲ್ಲಿ ತನ್ನ ಪಿಕ್ಸೆಲ್ ೮ಕ್ಕೆ ಏಳು ವರ್ಷಗಳ ಭರವಸೆಯಿತ್ತಿತು. ಮೂರೇ ತಿಂಗಳಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್ ೨೪ಕ್ಕೂ ಅಷ್ಟೇ ವರ್ಷಗಳನ್ನು ಘೋಷಿಸಿತು. ಇವು ದುಬಾರಿ ಯಂತ್ರಗಳು. ಅಗ್ಗದವುಗಳಲ್ಲಿ ಈ ಅವಧಿ ಒಂದೊಂದರಲ್ಲಿ ಒಂದೊಂದು ಬಗೆ. ಆದಕಾರಣ ಕೊಳ್ಳುವಾಗ ಕ್ಯಾಮೆರಾದ ಹೆಗ್ಗಳಿಕೆಯನ್ನು ಕೇಳುವುದಕ್ಕಿಂತ ಮೊದಲು ಯಾವ ವರ್ಷದ ತನಕ ಪರಿಷ್ಕರಣೆ ಬರುವುದೆಂದು ಕೇಳಿರಿ. ಕೇಳುವ ಗಿರಾಕಿಗಳು ಹೆಚ್ಚಿದಂತೆ ಈ ಪೈಪೋಟಿ ಅಗ್ಗದ ಯಂತ್ರಗಳಿಗೂ ಇಳಿದೀತು.

ಕನ್ನಡದ ಪಕ್ಕದಲ್ಲಿಯೇ ಇರುವ ತುಳುವಿನ ಮಾತು ಉಳಿಯಿತು. ತುಳು-ತಿಗಳಾರಿ ಲಿಪಿ ಯೂನಿಕೋಡಿನ ೧೬ನೆಯ ಆವೃತ್ತಿಯಲ್ಲಿ, ೨೦೨೪ರ ಸೆಪ್ಟೆಂಬರಿನಲ್ಲಿ, ತನ್ನ ಸಂಖ್ಯೆಗಳನ್ನು ಪಡೆಯಿತು. ಯಾವ ಕಂಪನಿಯೂ ಎದುರಾಳಿಗೆ ಅಂಜಿ ಅದನ್ನು ಮಾಡಿಸಲಿಲ್ಲ. ತಾಳೆಗರಿಗಳನ್ನು ಓದಬಲ್ಲವರು ಅಕ್ಷರಗಳ ರೂಪಗಳನ್ನೂ ಕೂಡಿಕೆಗಳನ್ನೂ ಪಟ್ಟಿಮಾಡಿ, ವರ್ಷಗಳ ಕಾಲ ಮನವಿಗಳನ್ನು ತಿದ್ದಿ ತಿದ್ದಿ ಸಲ್ಲಿಸಿದುದರಿಂದ ಅದು ಆಯಿತು. ಆ ಸಂಖ್ಯೆಗಳಿಗೆ ಅಕ್ಷರವಿನ್ಯಾಸವನ್ನೂ ಕೀಲಿಮಣೆಯನ್ನೂ ಕಟ್ಟುವ ಕೆಲಸ ಹೊರಗಿನವರಿಗೂ ತೆರೆದಿದೆ. ನಮ್ಮ ಸಂಸ್ಥೆಯಲ್ಲಿ ಕಲಿತು ಇಂದು ತಂತ್ರಾಂಶದ ಉದ್ಯೋಗದಲ್ಲಿರುವವರಲ್ಲಿ ಕರಾವಳಿಯ ಕಡೆಯವರು ಕೆಲವರಾದರೂ ಇದ್ದಾರು.